ನಮ್ಮನ್ನೂ ಒಂದ್ಮಾತು ಕೇಳ್ರಿ: ವಾರ್ಡ್ ನೋಡಿ ಬಂದವಳಿಗೆ ಓದುಗರ ಪ್ರಶ್ನೆಗಳು

ಕಳೆದ ತಿಂಗಳು ಇದೇ ಪುಟದಲ್ಲಿ, ನಾನು ಎರಡು ಸಲ ಮಾನಸಿಕ ವಾರ್ಡಿಗೆ ಅಡ್ಮಿಟ್ ಆಗಿದ್ದೆ, ಅಲ್ಲಿ ನಮ್ಮ ಇಷ್ಟ ಏನು ಅಂತ ಯಾರೂ ಕೇಳಲ್ಲ, ಕೇಳಬೇಕು ಅಂತ ಬರೆದು, ನಿಮಗೂ ನಿಮ್ಮ ಮನೆಯವರಿಗೂ ಅಂಥ ಅನುಭವ ಆಗಿದ್ರೆ ಬರೀರಿ ಅಂದಿದ್ದೆ. ಇಷ್ಟು ಪತ್ರ ಬರ್ತಾವೆ ಅಂದ್ಕೊಂಡಿರ್ಲಿಲ್ಲ. ಹರಿಹರ, ಜಗಳೂರು, ಚಳ್ಳಕೆರೆ, ಹೊಸದುರ್ಗ, ಎಲ್ಲಾ ಕಡೆಯಿಂದ ಬಂದಾವೆ, ಹೆಚ್ಚುಕಮ್ಮಿ ಎಲ್ಲರೂ ಹೆಸರು ಹಾಕಬೇಡಿ ಅಂದಿದಾರೆ, ಹಾಕಿಲ್ಲ. ಹೊಸದಾಗಿ ಓದೋರಿಗೆ ಹೇಳ್ತೀನಿ, ನಾನು ದಾವಣಗೆರೆಯವಳು, ಮನೇಲೇ ಬ್ಲೌಸ್ ಹೊಲೀತೀನಿ, ನನಗೆ ಬೈಪೋಲಾರ್ ಕಾಯಿಲೆ ಇದೆ, ಅಂದ್ರೆ ಮನಸ್ಸು ಒಂದೊಂದ್ಸಲ ವಿಪರೀತ ಏರುತ್ತೆ, ಒಂದೊಂದ್ಸಲ ಪೂರ್ತಿ ಕುಸಿಯುತ್ತೆ, ಅದಕ್ಕೆ 14 ವರ್ಷದಿಂದ ಲಿಥಿಯಂ ಅನ್ನೋ ಮಾತ್ರೆ ತಗೊಂತಿದೀನಿ. ಡಾಕ್ಟರ್ ಅಲ್ಲ, ಲಾಯರ್ ಅಲ್ಲ. ಮಾತ್ರೆ ಹೆಚ್ಚು ಮಾಡ್ಲಾ ಕಮ್ಮಿ ಮಾಡ್ಲಾ ಅಂತ ಕೇಳಿದೋರಿಗೆ ಇಲ್ಲಿ ಉತ್ತರ ಇಲ್ಲ, ಅದನ್ನ ನಿಮ್ಮ ಡಾಕ್ಟರ್ ಹತ್ರಾನೇ ಕೇಳ್ರಿ.

ಪ್ರಶ್ನೆ: ಅಕ್ಕಾ, ನನ್ನ ತಮ್ಮಂಗೆ 26 ವರ್ಷ. ಹೋದ ವರ್ಷ ಐದು ರಾತ್ರಿ ನಿದ್ದೇನೇ ಮಾಡಿರ್ಲಿಲ್ಲ, ಟಿವಿನಲ್ಲಿ ನನ್ನ ಬಗ್ಗೇನೇ ಮಾತಾಡ್ತಾರೆ ಅಂತಿದ್ದ, ಒಂದಿನ ರಾತ್ರಿ ಹೈವೇ ಮೇಲೆ ನಡ್ಕೊಂಡು ಹೋಗಿಬಿಟ್ಟಿದ್ದ. ಇಂಟರ್‌ವ್ಯೂ ಐತೆ ಬಾ ಅಂತ ಸುಳ್ಳು ಹೇಳಿ ಕಾರಲ್ಲಿ ಕೂರಿಸ್ಕೊಂಡು ಹೋಗಿ ಅಡ್ಮಿಟ್ ಮಾಡಿಸಿದ್ವಿ. 22 ದಿನ ಇದ್ದ. ಈಗ ಎಷ್ಟೋ ಪರವಾಗಿಲ್ಲ, ಅಂಗಡಿ ಕೆಲಸಕ್ಕೆ ಹೋಗ್ತಾನೆ, ಆದ್ರೆ ನನ್ನ ಜೊತೆ ಮಾತೇ ಬಿಟ್ಟಿದಾನೆ. "ನೀನು ನನ್ನ ಜೈಲಿಗೆ ಹಾಕ್ದೆ" ಅನ್ನೋದೊಂದೇ ಮಾತು. ನಾನು ಮಾಡಿದ್ದು ತಪ್ಪಾ? (ಹರಿಹರ ತಾಲ್ಲೂಕು)

ಉತ್ತರ: ತಂಗೀ, ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ತಪ್ಪಲ್ಲ. ಐದು ರಾತ್ರಿ ನಿದ್ದೆ ಇಲ್ಲದೆ ಲಾರಿಗಳ ಮಧ್ಯೆ ನಡೀತಿದ್ದ ಹುಡುಗನ್ನ ನೀನು ಉಳಿಸ್ಕೊಂಡೆ. ಆದ್ರೆ ಇಂಟರ್‌ವ್ಯೂ ಅಂದೆ ಅಲ್ವಾ, ಅವನ ಎದೇಲಿ ಚುಚ್ಕೊಂಡು ಕೂತಿರೋದು ಅದು. ಇದನ್ನ ನಾನು ಊಹೆ ಮಾಡಿ ಹೇಳ್ತಿಲ್ಲ. ನನ್ನನ್ನ ಮೊದಲ್ನೇ ಸಲ ಕರ್ಕೊಂಡು ಹೋಗಿದ್ದು ದುಗ್ಗಮ್ಮನ ಗುಡಿಗೆ ಅಂತ ಹೇಳಿ. ತಲೆಗೆ ಸ್ನಾನ ಮಾಡಿ, ಹೊಸ ಸೀರೆ ಉಟ್ಕೊಂಡು, ಹಣ್ಣುಕಾಯಿ ಚೀಲ ಮಡಿಲಲ್ಲಿ ಇಟ್ಕೊಂಡು ಆಟೋದಲ್ಲಿ ಕೂತಿದ್ದೆ, ಗುಡಿ ಕಡೆ ತಿರುಗಬೇಕಾದ ಆಟೋ ಇನ್ನೊಂದು ಕಡೆ ತಿರುಗ್ತು. ಆಮೇಲೆ ಗ್ರಿಲ್ ಗೇಟು, ಬೀಗದ ಸದ್ದು, ಒಬ್ಬರು ನನ್ನ ಕೈಯಿಂದ ತೆಂಗಿನಕಾಯಿ ಇಸ್ಕೊಂಡ್ರು, ಇದು ಒಳಗೆ ಬಿಡಲ್ಲ ಅಂತ. ಆ ತೆಂಗಿನಕಾಯಿ ಇವತ್ತಿಗೂ ಕಣ್ಮುಂದೆ ಬರುತ್ತೆ. ನನ್ನ ತಲೇಲಿ ಆಗ ಏನೇನೋ ಓಡ್ತಿತ್ತು ನಿಜ, ಆದ್ರೆ ನನ್ನ ಸ್ವಂತ ಅಣ್ಣ ಅವ್ವ ಸೇರ್ಕೊಂಡು ಸುಳ್ಳು ಹೇಳಿದಾರೆ ಅನ್ನೋದು ಮಾತ್ರ ನಿಚ್ಚಳವಾಗಿ ಗೊತ್ತಾಗ್ತಿತ್ತು. ಕಾಯಿಲೆ ಜೋರಾಗಿದ್ದಾಗ ಇವರಿಗೆ ಏನೂ ತಿಳಿಯಲ್ಲ, ಆಮೇಲೆ ನೆನಪೂ ಇರಲ್ಲ ಅಂತ ಮನೆಯವರು ಅಂದ್ಕೊಳ್ತಾರೆ. ಇರುತ್ತೆ ತಂಗೀ. ನನಗಂತೂ ಅಂಥವೇ ನೆನಪಲ್ಲಿ ಉಳ್ಕೊಂಡಿದಾವೆ.

ಒಳಗಿನದೂ ಸ್ವಲ್ಪ ಹೇಳ್ತೀನಿ, ನಿನ್ನ ತಮ್ಮ ಜೈಲು ಅಂತ ಯಾಕಂತಾನೆ ಅಂತ ಗೊತ್ತಾಗ್ಲಿ. ಅಡ್ಮಿಟ್ ಆದ ದಿನ ನನ್ನ ಕನ್ನಡಕ ತೆಗೆದಿಟ್ಕೊಂಡ್ರು, ಗಾಜು ಅಂತ. ನನ್ನ ಪವರ್ ಜಾಸ್ತಿ, ಕನ್ನಡಕ ಇಲ್ಲದಿದ್ರೆ ಎದುರಿಗೆ ನಿಂತೋರ ಮುಖ ಬರೀ ಮಸುಕು. ಒಂಬತ್ತು ದಿನ ಹಾಗೇ ಇದ್ದೆ, ಯಾರು ಡಾಕ್ಟರ್ ಯಾರು ಕ್ಲೀನ್ ಮಾಡೋರು ಅಂತ ಬಟ್ಟೆ ಬಣ್ಣದ ಮೇಲೆ ಗುರುತು ಹಿಡೀತಿದ್ದೆ. ಎಷ್ಟೋ ವರ್ಷ ಆದ್ಮೇಲೆ ನನ್ನ ಫೈಲಿನ ಕಾಪಿ ತಗೊಂಡು ಓದಿದ್ರೆ ಅದ್ರಲ್ಲಿ, ಪೇಷೆಂಟ್ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲ್ಲ ಅಂತ ಬರೆದಿದಾರೆ. ಕಾಯಿಲೆ ಲಕ್ಷಣ ಅಂತ ಬರ್ಕೊಂಡಿದಾರೆ ಅದನ್ನ! ನಿಮಗೆ ಕಣ್ಣು ಕಾಣುತ್ತಾ ಅಂತ ಒಂದ್ಮಾತು ಕೇಳಿದ್ರೆ ಮುಗೀತಿತ್ತು. ಬೆಳಿಗ್ಗೆ ರೌಂಡ್ಸಿಗೆ ಬಂದಾಗ್ಲೂ ನನ್ನ ಬೆಡ್ಡಿನ ಪಕ್ಕ ನಿಂತ್ಕೊಂಡು ಅವ್ವನ್ನ ಕೇಳ್ತಿದ್ರು, "ಇವರು ರಾತ್ರಿ ನಿದ್ದೆ ಮಾಡಿದ್ರಾ? ಊಟ ಮಾಡಿದ್ರಾ?" ಅಂತ. ನಾನು ಅಲ್ಲೇ ಕೂತಿದೀನಿ, ನನ್ನ ನಿದ್ದೆ ವಿಷಯ ನನ್ನ ಬಿಟ್ಟು ಊರಿಗೆಲ್ಲಾ ಕೇಳ್ತಿದಾರೆ. ವಾರ ಕಳೆದ ಮೇಲೆ ಒಬ್ಬ ಆಯಾ ಟೀ ಕೊಡುವಾಗ "ಅಕ್ಕ, ನಿಮಗೆ ಸಕ್ಕರೆ ಎಷ್ಟು ಹಾಕ್ಲಿ" ಅಂದ್ಲು, ಅವತ್ತು ನಾನು ಅತ್ತುಬಿಟ್ಟೆ, ಫೈಲಲ್ಲಿ ಅದನ್ನೂ ಬರೆದಿದಾರೆ, ಕಾರಣ ಇಲ್ಲದೆ ಅಳ್ತಾಳೆ ಅಂತ.

ನಮ್ಮ ಕನ್ನಡದಲ್ಲಿ ಪ್ರಶ್ನೆ ಕೇಳೋದಕ್ಕೂ ಕೇಳೋದು ಅಂತೀವಿ, ಕಿವಿಗೊಟ್ಟು ಕೇಳೋದಕ್ಕೂ ಕೇಳೋದು ಅಂತೀವಿ. ರೋಗಿ ಕೇಂದ್ರಿತ ಆರೈಕೆ ಅಂತ ಈಗ ದೊಡ್ಡದಾಗಿ ಹೇಳ್ತಾರಲ್ಲ, ಒಳಗಿದ್ದು ಬಂದೋಳಾಗಿ ನನಗೆ ಅದರ ಅರ್ಥ ಈ ಎರಡು ಕೇಳೋದು, ಅಷ್ಟೇ.

ಈಗ ನೀನು ಮಾಡಬೇಕಾದ್ದು. ಅವನು ಸಮಾಧಾನವಾಗಿದ್ದಾಗ ಪಕ್ಕ ಕೂತ್ಕೊಂಡು, "ನಾನು ಸುಳ್ಳು ಹೇಳಿ ಕರ್ಕೊಂಡು ಹೋದೆ, ಅದು ತಪ್ಪು, ಇನ್ನೊಂದ್ಸಲ ಮಾಡಲ್ಲ" ಅಂತ ಹೇಳು. ಅದಕ್ಕೆ "ಆದ್ರೆ" ಅಂತ ಏನೂ ಸೇರಿಸ್ಬೇಡ. ಆದ್ರೆ ನೀನು ಹಂಗೆ ಮಾಡ್ತಿದ್ದೆಯಲ್ಲ, ಆದ್ರೆ ನಾವು ಎಷ್ಟು ಕಷ್ಟಪಟ್ವಿ, ಅವೆಲ್ಲಾ ಇನ್ನೊಂದಿನಕ್ಕೆ ಇರ್ಲಿ. ಆಮೇಲೆ ಆ 22 ದಿನ ಒಳಗೆ ಏನಾಯ್ತು ಅಂತ ಕೇಳು, ಅವನು ಹೇಳಿದ್ದಕ್ಕೆ ಆಸ್ಪತ್ರೆ ಪರವಾಗಿ ವಾದ ಮಾಡ್ಬೇಡ. ಒಂದೇ ಸಲಕ್ಕೆ ಮಾತು ಬರ್ಲಿಕ್ಕಿಲ್ಲ. ನನ್ನ ಅಣ್ಣನ ಜೊತೆ ನಾನು ಸರಿಯಾಗಿ ಮಾತಾಡೋಕೆ ಎರಡು ವರ್ಷ ಹಿಡೀತು, ಈಗ ನನ್ನ ಬ್ಲಡ್ ಟೆಸ್ಟಿಗೆ ಗಾಡೀಲಿ ಕರ್ಕೊಂಡು ಹೋಗೋದೇ ಅವನು. ಸಾರಲ್ಲಿ ಮಾತ್ರೆ ಪುಡಿ ಮಾಡಿ ಹಾಕ್ತಿದೀರಾ? ಪತ್ರದಲ್ಲಿ ಬರೆದಿಲ್ಲ, ಆದ್ರೆ ತುಂಬಾ ಮನೇಲಿ ಮಾಡ್ತಾರೆ ಅದಕ್ಕೆ ಕೇಳ್ತಿದೀನಿ. ಹಾಕ್ತಿದ್ರೆ ಡಾಕ್ಟರಿಗೆ ಹೇಳಿ ಬೇರೆ ದಾರಿ ಕೇಳ್ರಿ, ಅದು ಗೊತ್ತಾದ ದಿನ ಅವನು ಮನೆ ಊಟಾನೂ ನಂಬಲ್ಲ.

ಜೈಲು ಅನ್ನೋದಕ್ಕೆ ಇನ್ನೊಂದು ಕಾರಣಾನೂ ಇದೆ. ಜೈಲಲ್ಲಿ ಇರೋನಿಗೆ ಬಿಡುಗಡೆ ದಿನ ಗೊತ್ತಿರುತ್ತೆ, ನಮಗೆ ಅದೂ ಗೊತ್ತಿರಲ್ಲ, ಯಾವಾಗ ಮನೆಗೆ ಅಂದ್ರೆ ನೋಡೋಣ ನೋಡೋಣ ಅಂತಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಆಗಿ 2018ರಲ್ಲಿ ಜಾರಿಗೆ ಬಂದಿದೆ, ಅದರ ಪ್ರಕಾರ ಸ್ವಂತ ತೀರ್ಮಾನ ಮಾಡೋ ಸ್ಥಿತಿಲಿ ಇಲ್ಲದವರನ್ನ ಮನೆಯವರ ಕೋರಿಕೆ ಮೇಲೆ ಅಡ್ಮಿಟ್ ಮಾಡ್ಕೊಂಡ್ರೆ ಮೊದಲಿಗೆ ಹೆಚ್ಚೆಂದ್ರೆ 30 ದಿನ. ಅದಕ್ಕೂ ಇಬ್ಬರು ಬೇರೆ ಬೇರೆಯಾಗಿ ನೋಡಿ ಬೇಕು ಅನ್ನಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಒಪ್ಪಿಗೆ ಕೊಡೋ ಸ್ಥಿತಿ ವಾಪಸ್ ಬಂದಿದೆಯಾ ಅಂತ 7 ದಿನಕ್ಕೊಮ್ಮೆ ನೋಡಬೇಕು. ಅಡ್ಮಿಶನ್ ಸರಿಯಿಲ್ಲ ಅನ್ನಿಸಿದ್ರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ರೋಗಿನೇ ಅರ್ಜಿ ಹಾಕಬಹುದು. ಇದನ್ನ ನಿನ್ನ ತಮ್ಮಂಗೆ ಅವತ್ತು ಯಾರಾದ್ರೂ ಕೂರಿಸಿ ಹೇಳಿದ್ರಾ? ನನ್ನ ಕಾಲದಲ್ಲಿ ಈ ಕಾಯ್ದೆ ಇರ್ಲಿಲ್ಲ, ಈಗ ಇದೆ, ಆದ್ರೂ ಬರ್ತಿರೋ ಪತ್ರ ನೋಡಿದ್ರೆ ಹೇಳೋರು ಕಮ್ಮಿ.

ಪ್ರಶ್ನೆ: ಮೇಡಂ, ನಾನು ಮಾನಸಿಕ ವಾರ್ಡಿನ ಸ್ಟಾಫ್ ನರ್ಸ್. ಟ್ರೈನಿಂಗಲ್ಲಿ ಪೇಷೆಂಟ್ ಅನ್ನಬೇಡಿ ಕ್ಲೈಂಟ್ ಅನ್ನಿ, ಅವರ ಇಷ್ಟ ಕೇಳಿ ಕೆಲಸ ಮಾಡಿ ಅಂತಾರೆ. ನೈಟ್ ಡ್ಯೂಟಿಲಿ 30 ಜನಕ್ಕೆ ನಾನೊಬ್ಬಳೇ ಇರ್ತೀನಿ. ರಿಜಿಸ್ಟರ್ ಬರೀಬೇಕು, ಇಂಜೆಕ್ಷನ್ ಕೊಡಬೇಕು, ಒಬ್ಬರು ಕಿರುಚಿದ್ರೆ ಎಲ್ಲರೂ ಏಳ್ತಾರೆ. ಯಾರನ್ನ ಏನಂತ ಕೇಳ್ಲಿ? ನಿಮ್ಮ ಲೇಖನ ಓದಿ ಬೇಜಾರಾಯ್ತು, ನಾವು ಕೆಟ್ಟವರಲ್ಲ. (ಚಿತ್ರದುರ್ಗ)

ಉತ್ತರ: ಸಿಸ್ಟರ್, ನೀವು ಕೆಟ್ಟವರು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ, ಹಂಗೆ ಓದಿಸ್ಕೊಂಡಿದ್ರೆ ಕ್ಷಮಿಸಿ. 30 ಜನಕ್ಕೆ ಒಬ್ಬರು ಅನ್ನೋದು ನಿಮಗೂ ಅನ್ಯಾಯ, ಒಳಗಿರೋರಿಗೂ ಅನ್ಯಾಯ, ಅದನ್ನ ಸರಿ ಮಾಡಬೇಕಾದ್ದು ಆಸ್ಪತ್ರೆ ನಡೆಸೋರು. ಕೈಕಾಲು ಕಟ್ಟೋ ವಿಷಯದಲ್ಲಿ ಕಾಯ್ದೆ ಸ್ಪಷ್ಟವಾಗಿ ಹೇಳುತ್ತೆ, ಸ್ಟಾಫ್ ಕಮ್ಮಿ ಅನ್ನೋ ಕಾರಣಕ್ಕೆ ಕಟ್ಟಂಗಿಲ್ಲ, ಶಿಕ್ಷೆ ಅಂತಾನೂ ಕಟ್ಟಂಗಿಲ್ಲ, ಯಾರಿಗಾದ್ರೂ ತಕ್ಷಣ ಅಪಾಯ ಆಗೋದನ್ನ ತಪ್ಪಿಸೋಕೆ ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ, ಅದೂ ಮನೋವೈದ್ಯರ ಅನುಮತಿ ತಗೊಂಡು, ಬರೆದಿಟ್ಟು. ಇದನ್ನ ಮೇಲಿನವರ ಹತ್ರ ಸ್ಟಾಫ್ ಕೇಳುವಾಗ ನೀವೇ ಉಪಯೋಗಿಸ್ಕೊಬಹುದು.

ಕ್ಲೈಂಟ್ ಅನ್ನೋ ಮಾತು ಅಮೆರಿಕದ ಕಾರ್ಲ್ ರೋಜರ್ಸ್ ಅನ್ನೋ ಮನಶ್ಶಾಸ್ತ್ರಜ್ಞರಿಂದ ಹೆಚ್ಚು ಬಳಕೆಗೆ ಬಂದದ್ದು, 1940ರ ದಶಕದಲ್ಲಿ. ಕಾಯಿಲೆ ಬಂದು ಸುಮ್ನೆ ಬಿದ್ಕೊಂಡಿರೋ ರೋಗಿ ಅಂತಲ್ಲ, ತನ್ನ ಬದುಕಿನ ಬಗ್ಗೆ ತನಗೇ ಹೆಚ್ಚು ಗೊತ್ತಿರೋ ಮನುಷ್ಯ ಅಂತ ನೋಡ್ರಿ ಅನ್ನೋದು ಅವರ ಆಲೋಚನೆ. ಆಲೋಚನೆ ಸರಿ. ಆದ್ರೆ ನಮ್ಮ ಕಡೆ ಕ್ಲೈಂಟ್ ಅಂದ್ರೆ ಲಾಯರ್ ಹತ್ರ ಹೋಗೋರು. ನನ್ನ ಅಭಿಪ್ರಾಯ ಕೇಳಿದ್ರೆ ಪೇಷೆಂಟ್ ಅಂತ್ಲೇ ಕರೀರಿ, ನನಗೇನೂ ಬೇಜಾರಿಲ್ಲ, ಆದ್ರೆ ಬಹುವಚನದಲ್ಲಿ ಕರೀರಿ. ನಮ್ಮ ಭಾಷೇಲಿ ಮರ್ಯಾದೆ ಇರೋದೇ ಅಲ್ಲಿ. ನಾನಿದ್ದಾಗ ಗಂಡಸರ ಕಡೆ ಒಬ್ಬ ರಿಟೈರ್ಡ್ ಮೇಷ್ಟ್ರು ಇದ್ರು, ಅರವತ್ತು ದಾಟಿತ್ತು, ಊರಲ್ಲಿ ಎಲ್ಲರೂ ಸಾರ್ ಅನ್ನೋರೇ. ವಾರ್ಡಿನ ಗೇಟು ದಾಟಿದ ಮೇಲೆ "ಬಾರೋ, ಬಾಯ್ ತೆಗಿ, ಮಾತ್ರೆ ನುಂಗು" ಅಂತ ಇಪ್ಪತ್ತು ವರ್ಷದ ಹುಡುಗ ಕೂಗ್ತಿದ್ದ. ಮೇಷ್ಟ್ರು ಮಾತ್ರೆ ಬೇಡ ಅಂತ ಹಠ ಮಾಡ್ತಿದ್ರು, ಎಲ್ಲರೂ ಅದನ್ನ ಕಾಯಿಲೆ ಅಂದ್ರು. ಒಬ್ಬ ಸಿಸ್ಟರ್ ಮಾತ್ರ "ಸಾರ್, ಬನ್ನಿ, ನಿಮ್ಮ ಮಾತ್ರೆ" ಅಂತಿದ್ರು, ಅವರ ಡ್ಯೂಟಿ ಇದ್ದ ದಿನ ಮೇಷ್ಟ್ರು ತಾವೇ ಲೋಟ ಹಿಡ್ಕೊಂಡು ಬರೋರು. ಇದಕ್ಕೆ ಹೆಚ್ಚಿನ ಸ್ಟಾಫೂ ಬೇಡ ಟೈಮೂ ಬೇಡ ಅಲ್ವಾ ಸಿಸ್ಟರ್.

ಇಂಗ್ಲೆಂಡಲ್ಲಿ ಲೆನ್ ಬವರ್ಸ್ ಅನ್ನೋ ನರ್ಸಿಂಗ್ ಪ್ರೊಫೆಸರ್ ಮತ್ತು ಅವರ ತಂಡದವರು ಇಂಥವೇ ಸಣ್ಣ ಸಣ್ಣ ವಿಷಯ ಸೇರಿಸಿ ಸೇಫ್‌ವಾರ್ಡ್ಸ್ ಅಂತ ಒಂದು ಪದ್ಧತಿ ಮಾಡಿದ್ರು. ಬೇಡ ಅನ್ನಬೇಕಾದಾಗ ಮೆತ್ತಗೆ ಹೇಳೋದು, ಕೆಟ್ಟ ಸುದ್ದಿ ಹೇಳೋ ಮುಂಚೆ ಪಕ್ಕದಲ್ಲಿ ಇರೋದು, ಸಿಬ್ಬಂದಿ ತಮ್ಮ ಬಗ್ಗೆ ಒಂದೆರಡು ವಿಷಯ ಹೇಳ್ಕೊಳ್ಳೋದು, ಯಾವ ತಿಂಡಿ ಇಷ್ಟ ಯಾವ ಆಟ ಇಷ್ಟ ಅಂತ, ರೋಗಿಗಳೂ ಹೇಳೋದು. ಡಿಸ್ಚಾರ್ಜ್ ಆಗಿ ಹೋಗೋರು ಹೊಸದಾಗಿ ಬರೋರಿಗೆ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿ ಹೋಗೋದು, ನನಗೆ ಬಹಳ ಇಷ್ಟ ಆಗಿದ್ದು ಅದು. 15 ಆಸ್ಪತ್ರೆಗಳ 31 ವಾರ್ಡಲ್ಲಿ ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಕೊಟ್ರು, ಈ ಪದ್ಧತಿ ಮಾಡಿದ ವಾರ್ಡುಗಳಲ್ಲಿ ಜಗಳ ಗಲಾಟೆ ಸುಮಾರು 15 ಪರ್ಸೆಂಟ್ ಕಮ್ಮಿ ಆಯ್ತು, ಹಿಡಿದು ಕಟ್ಟೋದು ಬಲವಂತದ ಇಂಜೆಕ್ಷನ್ ಇಂಥವು ಸುಮಾರು 26 ಪರ್ಸೆಂಟ್ ಕಮ್ಮಿ ಆದ್ವು. ಅಂದ್ರೆ ಕೇಳಿದ್ರೆ ನಿಮ್ಮ ಕೆಲಸ ಜಾಸ್ತಿ ಆಗಲ್ಲ, ರಾತ್ರಿ ಕಿರುಚಾಟ ಕಮ್ಮಿ ಆಗಬಹುದು. ಒಂದೇ ಒಂದು ಶುರು ಮಾಡ್ತೀನಿ ಅಂದ್ರೆ ಆ ಚೀಟಿ ಶುರು ಮಾಡ್ರಿ. ನಾನು ಮೊದಲ್ನೇ ರಾತ್ರಿ ಹೆದರ್ಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದೆ, ಆ ಗೋಡೆ ಮೇಲೆ "ನಾನೂ ಇಲ್ಲಿದ್ದೆ, ಎರಡ್ನೇ ವಾರಕ್ಕೆ ನಿದ್ದೆ ಬಂತು" ಅಂತ ಯಾರಾದ್ರೂ ಬರೆದಿದ್ದಿದ್ರೆ.

ಪ್ರಶ್ನೆ: ನನ್ನ ಹೆಂಡ್ತಿನ ಬಾಣಂತನ ಆಗಿ ಎರಡು ತಿಂಗಳಿಗೆ ಅಡ್ಮಿಟ್ ಮಾಡಿದ್ವಿ, ಯಾವ ಆಸ್ಪತ್ರೆ ಅಂತ ಬರೆಯಲ್ಲ. ಫೋನ್ ಇಸ್ಕೊಂಡ್ರು, ಸೀರೆ ಬೇಡ ಅಂತ ಅಲ್ಲಿನ ನೈಟಿ ಹಾಕ್ಸಿದ್ರು, ಹೇನು ಅಂತ ಕೂದಲು ತೆಗೆಸಿಬಿಟ್ರು. ಮಗೂನ ನಮ್ಮವ್ವನ ಹತ್ರ ಬಿಟ್ಟಿದ್ವಿ. ಈಗ ಕನ್ನಡಿ ನೋಡಲ್ಲ, ಮಗೂನ ಎತ್ಕೊಳ್ಳೋಕೂ ಹೆದರ್ತಾಳೆ. ಇದೆಲ್ಲಾ ರೂಲ್ಸಾ? (ಹೊಸದುರ್ಗ)

ಉತ್ತರ: ಅಲ್ಲ ಅಣ್ಣಾ, ರೂಲ್ಸ್ ಇದಕ್ಕೆ ಉಲ್ಟಾ ಇದೆ. ಬಲವಂತವಾಗಿ ತಲೆ ಬೋಳಿಸಂಗಿಲ್ಲ ಅಂತ 2017ರ ಕಾಯ್ದೆಯ 20ನೇ ಸೆಕ್ಷನ್ನಲ್ಲೇ ಇದೆ. ಯೂನಿಫಾರ್ಮ್ ಹಾಕ್ಕೋ ಅಂತ ಒತ್ತಾಯ ಮಾಡಂಗಿಲ್ಲ, ಅವರಿಗೆ ಬೇಕಾದ್ರೆ ಸ್ವಂತ ಬಟ್ಟೆ ಹಾಕ್ಕೋಬಹುದು, ಮುಟ್ಟಾದಾಗ ಬೇಕಾದ ವಸ್ತು ಕೊಡಬೇಕು, ಮರೆ ಇರಬೇಕು, ಊಟ ಚೊಕ್ಕಟವಾಗಿರಬೇಕು. ಫೋನ್ ಮಾಡೋದು, ಬಂದವರನ್ನ ನೋಡೋದು, ನೋಡಲ್ಲ ಅನ್ನೋದು, ಇವೂ ರೋಗಿಯ ಹಕ್ಕೇ, 26ನೇ ಸೆಕ್ಷನ್ನು. ಆಸ್ಪತ್ರೆ ಸಮಯ ನಿಗದಿ ಮಾಡ್ಲಿ ಬೇಕಾದ್ರೆ. ಮೂರು ವರ್ಷದೊಳಗಿನ ಮಗು ಇದ್ರೆ ತಾಯಿ ಅಡ್ಮಿಟ್ ಆಗಿದಾಳೆ ಅಂತ ಸುಮ್ಸುಮ್ನೆ ಮಗೂನ ಬೇರೆ ಮಾಡಂಗಿಲ್ಲ, ತಾಯಿಂದ ಮಗುವಿಗೆ ಅಪಾಯ ಅಂತ ಮನೋವೈದ್ಯರು ನೋಡಿ ಹೇಳಿದ್ರೆ ಮಾತ್ರ, ಆಗ್ಲೂ ತಾಯಿಗೆ ಮಗೂನ ನೋಡೋಕೆ ಬಿಡಬೇಕು. ಹೆಂಗಸರನ್ನ ಮನೆಯವರ ಕೋರಿಕೆ ಮೇಲೆ ಅಡ್ಮಿಟ್ ಮಾಡ್ಕೊಂಡ್ರೆ 3 ದಿನದೊಳಗೆ ಮಂಡಳಿಗೆ ತಿಳಿಸಬೇಕು ಅಂತಾನೂ ಇದೆ. ಆಸ್ಪತ್ರೆ ಮುಖ್ಯಸ್ಥರಿಗೆ ಬರವಣಿಗೇಲಿ ದೂರು ಕೊಡ್ರಿ, ಸರಿ ಹೋಗದಿದ್ರೆ ಮಂಡಳಿಗೆ. ಉಚಿತ ಕಾನೂನು ನೆರವು ಕಾಯ್ದೆಲೇ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ವಿಚಾರಿಸ್ರಿ, ಕೋರ್ಟ್ ಆವರಣದಲ್ಲೇ ಇರುತ್ತೆ. ಆದ್ರೆ ದೂರು ಕೊಡೋದಾ ಬೇಡ್ವಾ ಅಂತ ಮೊದಲು ಅವಳನ್ನ ಕೇಳ್ರಿ. ಅವಳು ಈಗ ಬೇಡ ಅಂದ್ರೆ ಈಗ ಬೇಡ.

ಮಗೂನ ಎತ್ಕೊಳ್ಳೋ ಭಯಕ್ಕೆ ಡಾಕ್ಟರ್ ಹತ್ರ ಅವಳು ಒಬ್ಬಳೇ ಮಾತಾಡೋಕೆ ಹತ್ತು ನಿಮಿಷ ಕೊಡ್ಸಿ. ನೀವು, ನಿಮ್ಮವ್ವ, ಯಾರೂ ಪಕ್ಕದಲ್ಲಿ ಬೇಡ. ಇದನ್ನ ಸ್ವಲ್ಪ ಒತ್ತಿ ಹೇಳ್ತೀನಿ. ನಮ್ಮ ದೇಶದಲ್ಲಿ ಮನೆಯವರು ಜೊತೆಗಿರೋ ಪದ್ಧತಿ ಒಳ್ಳೇದೇ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೇಲಿ ಡಾಕ್ಟರ್ ವಿದ್ಯಾಸಾಗರ್ ಆವರಣದಲ್ಲಿ ಟೆಂಟ್ ಹಾಕಿಸಿ ಮನೆಯವರನ್ನ ರೋಗಿ ಜೊತೆ ಇರಿಸ್ಕೊಂಡ್ರು, ಅದರಿಂದ ಎಷ್ಟೋ ಜನ ಬೇಗ ಮನೆಗೆ ಹೋದ್ರು. ನನ್ನ ಅವ್ವ ರಾತ್ರಿ ಪಕ್ಕದಲ್ಲಿ ಮಲಗಿರದೇ ಇದ್ದಿದ್ರೆ ನಾನು ಉಳೀತಿರ್ಲಿಲ್ಲ ಅನ್ಸುತ್ತೆ. ಆದ್ರೆ ಅದೇ ಅವ್ವ ಡಾಕ್ಟರ್ ಮುಂದೆ ನನ್ನ ಬದಲು ಎಲ್ಲಾ ತಾನೇ ಹೇಳಿಬಿಡ್ತಿದ್ಲು, ಅವಳ ಮುಂದೆ ನಾನು ಹೇಳೋಕಾಗದ ಒಂದು ವಿಷಯ ಇತ್ತು, ಅದು ಡಾಕ್ಟರಿಗೆ ಗೊತ್ತಾಗಿದ್ದು ಎರಡ್ನೇ ಸಲ ಅಡ್ಮಿಟ್ ಆದಾಗ.

ಪ್ರಶ್ನೆ: ತಲೆ ಸರಿ ಇಲ್ಲದವರ ಇಷ್ಟ ಕೇಳ್ಕೊಂಡು ಟ್ರೀಟ್‌ಮೆಂಟ್ ಕೊಡೋಕಾಗುತ್ತಾ? ಮಗು ಔಷಧಿ ಬೇಡ ಅಂದ್ರೆ ಬಿಡ್ತೀವಾ? ನೀವು ಜನಕ್ಕೆ ತಪ್ಪು ದಾರಿ ತೋರಿಸ್ತಿದೀರಿ. (ದಾವಣಗೆರೆ)

ಉತ್ತರ: ನಾವು ಮಕ್ಕಳಲ್ಲ ಸಾರ್. ನಿಮ್ಮ ಕೋಪದ ಹಿಂದೆ ಮನೇಲಿ ಯಾರನ್ನೋ ನೋಡ್ಕೊಂಡು ಸುಸ್ತಾಗಿರೋ ಕಷ್ಟ ಇರಬಹುದು, ಅದಕ್ಕೇ ಉತ್ತರ ಬರೀತಿದೀನಿ. ತುರ್ತು ಇದ್ದಾಗ, ಜೀವಕ್ಕೆ ಅಪಾಯ ಇದ್ದಾಗ, ಒಪ್ಪಿಗೆ ಕೊಡೋ ಸ್ಥಿತಿಲಿ ಅವರು ಇಲ್ಲದಾಗ, 72 ಗಂಟೆವರೆಗೆ ತುರ್ತು ಚಿಕಿತ್ಸೆ ಕೊಡೋಕೆ ಕಾಯ್ದೆಲೇ ಅವಕಾಶ ಇದೆ, ಯಾರೂ ಅದನ್ನ ಬೇಡ ಅಂತಿಲ್ಲ. ಆದ್ರೆ ಕಾಯಿಲೆ ಇದೆ ಅಂದ ಮಾತ್ರಕ್ಕೆ ತೀರ್ಮಾನ ಮಾಡೋ ಶಕ್ತಿನೇ ಹೋಯ್ತು ಅಂತ ಅಂದ್ಕೊಳ್ಳಂಗಿಲ್ಲ. ನನಗೆ ಹುಷಾರಿಲ್ಲದಾಗ ನಾನು ಸಾಲ ಮಾಡಿ ಹತ್ತು ಹೊಲಿಗೆ ಮಿಷನ್ ತರ್ತೀನಿ ಅಂತ ಹೊರಟಿದ್ದೆ, ಆ ತೀರ್ಮಾನ ಅವತ್ತು ನನ್ನಿಂದ ಸರಿಯಾಗಿ ಆಗ್ತಿರ್ಲಿಲ್ಲ, ಒಪ್ತೀನಿ. ಅದೇ ದಿನ, ಈ ಇಂಜೆಕ್ಷನ್ ಕೊಟ್ರೆ ನನ್ನ ಕತ್ತು ಒಂದು ಕಡೆ ಸೆಟೆದ್ಕೊಳ್ಳುತ್ತೆ ಅಂತ ಹೇಳಿದ್ದೆ. ಅದು ನೂರಕ್ಕೆ ನೂರು ನಿಜ ಇತ್ತು. ಯಾರೂ ಕೇಳ್ಲಿಲ್ಲ, ಕೊಟ್ರು, ಕತ್ತು ಸೆಟೆದ್ಕೊಂಡು ನಾಲಿಗೆ ಹೊರಳದೆ ಒದ್ದಾಡ್ದೆ, ಆಮೇಲೆ ಅದಕ್ಕೆ ಇನ್ನೊಂದು ಇಂಜೆಕ್ಷನ್ ಕೊಟ್ಟು ಸರಿ ಮಾಡಿದ್ರು. ಡಿಸ್ಚಾರ್ಜ್ ಆದ್ಮೇಲೆ ನಾನು ಆರು ತಿಂಗಳಲ್ಲಿ ಮಾತ್ರೆ ಬಿಟ್ಟೆ, ಆ ಭಯಕ್ಕೇ. ಎರಡ್ನೇ ಸಲ ಅಡ್ಮಿಟ್ ಆಗಿದ್ದು ಅದರಿಂದ. ಈಗಿನ ಡಾಕ್ಟರ್ ಮಾತ್ರೆ ಹೆಸರು ಬರೆದುಕೊಟ್ಟು, ಏನೇನು ತೊಂದ್ರೆ ಆಗಬಹುದು, ಲಿಥಿಯಂಗೆ ಯಾಕೆ ಆಗಾಗ ರಕ್ತ ಪರೀಕ್ಷೆ, ನೀರು ಯಾಕೆ ಕಮ್ಮಿ ಕುಡೀಬಾರ್ದು ಅಂತ ಎಲ್ಲಾ ಹೇಳಿದ್ರು. 14 ವರ್ಷದಲ್ಲಿ ಒಂದಿನಾನೂ ಬಿಟ್ಟಿಲ್ಲ.

ಪ್ರಶ್ನೆ: ನಾನು ಡಿಗ್ರಿ ಓದ್ತಿದೀನಿ, ಒಂದು ಸಲ ಅಡ್ಮಿಟ್ ಆಗಿ ಬಂದಿದೀನಿ. ಮತ್ತೆ ಹಂಗಾದ್ರೆ ನನ್ನ ಚಿಕ್ಕಪ್ಪ ಬಂದು ಸೈನ್ ಮಾಡೋದು ಬೇಡ, ಕರೆಂಟ್ ಟ್ರೀಟ್‌ಮೆಂಟ್ ಕೊಟ್ಟುಬಿಡ್ತಾರೆ ಅಂತಾನೂ ಭಯ. ಮುಂಚೇನೇ ಬರೆದಿಡೋಕಾಗುತ್ತಾ? (ಚಳ್ಳಕೆರೆ)

ಉತ್ತರ: ಆಗುತ್ತಪ್ಪ, ಹುಷಾರಾಗಿದ್ದಾಗ್ಲೇ ಬರೆದಿಡು. ಎರಡು ಇದಾವೆ. ಒಂದು ಮುಂಗಡ ನಿರ್ದೇಶನ, ಮುಂದೆ ನನಗೆ ತೀರ್ಮಾನ ಮಾಡೋಕಾಗದ ಸ್ಥಿತಿ ಬಂದ್ರೆ ಯಾವ ಚಿಕಿತ್ಸೆ ಬೇಕು ಯಾವುದು ಬೇಡ ಅಂತ ಬರೆಯೋದು. 18 ತುಂಬಿದ ಯಾರು ಬೇಕಾದ್ರೂ ಬರೀಬಹುದು, ಮಂಡಳೀಲಿ ಅದನ್ನ ದಾಖಲು ಮಾಡ್ಕೊಳ್ತಾರೆ, ನಮೂನೆ ಹೆಂಗೆ ಅಂತ ನಿಮ್ಮ ಆಸ್ಪತ್ರೆ ಸೋಶಿಯಲ್ ವರ್ಕರ್ ಹತ್ರ ಕೇಳು. ತುರ್ತು ಚಿಕಿತ್ಸೆಗೆ ಅದು ಅಡ್ಡ ಬರಲ್ಲ, ಡಾಕ್ಟರಿಗೆ ಒಪ್ಪಿಗೆ ಇಲ್ಲದಿದ್ರೆ ಅವರು ಮಂಡಳಿಗೆ ಹೋಗಬಹುದು, ಇದು ತಿಳ್ಕೊಂಡಿರು. ಇನ್ನೊಂದು, ನಾಮನಿರ್ದೇಶಿತ ಪ್ರತಿನಿಧಿ. ಚಿಕ್ಕಪ್ಪ ಬೇಡ ಅಂದ್ರೆ ನೀನು ನಂಬೋ 18 ತುಂಬಿದ ಯಾರನ್ನಾದ್ರೂ ಹೆಸರಿಸಬಹುದು, ಗೆಳೆಯ ಆದ್ರೂ ಸರಿ, ಅವರು ಒಪ್ಪಬೇಕು. ಇದಕ್ಕೆ ಬಿಳಿ ಹಾಳೇಲಿ ಬರೆದು ಸೈನ್ ಮಾಡಿದ್ರೆ ಸಾಕು, ಯಾವಾಗ ಬೇಕಾದ್ರೂ ಬದಲಾಯಿಸಬಹುದು.

ಕರೆಂಟ್ ವಿಷಯ, ಡಾಕ್ಟರು ಇಸಿಟಿ ಅಂತಾರಲ್ಲ, ತಲೆಗೆ ಸ್ವಲ್ಪ ಹೊತ್ತು ಕರೆಂಟ್ ಹಾಯಿಸೋ ಚಿಕಿತ್ಸೆ. ಅರಿವಳಿಕೆ ಮತ್ತು ಸ್ನಾಯು ಸಡಿಲ ಮಾಡೋ ಔಷಧಿ ಕೊಡದೆ ಆ ಚಿಕಿತ್ಸೆ ಮಾಡಂಗಿಲ್ಲ, ಕಾಯ್ದೆ ನಿಷೇಧ ಮಾಡಿದೆ. ಸರಿಯಾಗಿ ಮಾಡಿದ್ರೆ ನಿದ್ದೇಲೇ ಮುಗಿಯುತ್ತೆ, ನನ್ನ ವಾರ್ಡಲ್ಲಿ ಊಟಾನೇ ಬಿಟ್ಟಿದ್ದ ಒಬ್ಬ ಅಜ್ಜಿ ಅದರಿಂದಾನೇ ಎದ್ದು ಕೂತು ರೊಟ್ಟಿ ಕೇಳಿದ್ರು. ಸ್ವಲ್ಪ ದಿನ ಮರೆವು ಆಗಬಹುದು ಅನ್ನೋದೂ ನಿಜ. ಭಯ ಇದ್ರೆ ಈಗ್ಲೇ ಡಾಕ್ಟರ್ ಹತ್ರ ಕೂತು ಕೇಳ್ಕೊಂಡು ಆಮೇಲೆ ಬರಿ, ಬರೀ ಭಯದಿಂದ ಬರೀಬೇಡ.

ಪ್ರಶ್ನೆ: ಮಗಳನ್ನ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಕರ್ಕೊಂಡು ಹೋಗ್ಲಾ ಆಸ್ಪತ್ರೆಗಾ? ಅಕ್ಕಪಕ್ಕದೋರು ಒಂದೊಂದು ಹೇಳ್ತಾರೆ. (ಜಗಳೂರು ತಾಲ್ಲೂಕು)

ಉತ್ತರ: ಅಣ್ಣಾ, ಅಜ್ಜಯ್ಯನ ಮೇಲೆ ನಿಮ್ಮ ನಂಬಿಕೆ ಇದ್ರೆ ಹೋಗಿ ಕೈಮುಗಿದು ಬರ್ರಿ, ನಾನೂ ಹೋಗಿದೀನಿ, ತುಂಗಭದ್ರೆ ದಂಡೇಲಿ ಕೂತ್ರೆ ಮನಸಿಗೆ ಸಮಾಧಾನ ಆಗೋದು ಸುಳ್ಳಲ್ಲ. ಆದ್ರೆ ಹೊಡೆಯೋದು, ಕಟ್ಟಿ ಹಾಕೋದು ಎಲ್ಲಿ ಯಾರು ಮಾಡಿದ್ರೂ ಬೇಡ. 2001ರ ಆಗಸ್ಟ್ 6ಕ್ಕೆ ತಮಿಳುನಾಡಿನ ಎರ್ವಾಡಿ ದರ್ಗಾ ಹತ್ರ ಮಾನಸಿಕ ಕಾಯಿಲೆಯವರನ್ನ ಇಟ್ಕೊಂಡಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ 28 ಜನ ಸತ್ರು, ಸರಪಳಿ ಹಾಕಿದ್ರಿಂದ ಓಡೋಕಾಗ್ಲಿಲ್ಲ. ಆಸ್ಪತ್ರೆ ತಡ ಮಾಡ್ಬೇಡ್ರಿ. ಬೆಂಗಳೂರಿಗೇ ಹೋಗಬೇಕು ಅಂತಿಲ್ಲ. ಬಳ್ಳಾರಿ ಜಿಲ್ಲೇಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಊರ ಹತ್ರದ ಸರ್ಕಾರಿ ಆಸ್ಪತ್ರೆಗಳಲ್ಲೇ ಮಾನಸಿಕ ಕಾಯಿಲೆಗೆ ಔಷಧಿ ಸಿಗಬೇಕು ಅಂತ ಮಾಡಿ ತೋರಿಸಿದ್ರು, ಅದನ್ನ ನೋಡ್ಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಆಯ್ತು. ನಿಮ್ಮ ತಾಲ್ಲೂಕು ಆಸ್ಪತ್ರೇಲಿ ಮನೋವೈದ್ಯರು ಯಾವತ್ತು ಬರ್ತಾರೆ ವಿಚಾರಿಸ್ರಿ. ರಾತ್ರಿ ಹೊತ್ತು ಏನಾದ್ರೂ ಆದ್ರೆ 14416ಕ್ಕೆ ಫೋನ್ ಮಾಡ್ರಿ, ಟೆಲಿ ಮಾನಸ್ ಅಂತ, ದುಡ್ಡಿಲ್ಲ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಎಲ್ಲಿಗೆ ಹೋದ್ರೂ ಎಲ್ಲಿಗೆ ಹೋಗ್ತಿದೀವಿ ಅಂತ ಮಗಳಿಗೆ ನಿಜ ಹೇಳಿ ಕರ್ಕೊಂಡು ಹೋಗ್ರಿ, ಮೇಲೆ ಹರಿಹರದ ತಂಗಿಗೆ ಬರೆದಿದ್ದನ್ನ ಓದ್ರಿ.

ಪ್ರಶ್ನೆ: ವಾರ್ಡಲ್ಲಿ ಪಕ್ಕದ ಬೆಡ್ಡಿನಲ್ಲಿದ್ದ ಅಕ್ಕನ ಜೊತೆ ನನಗೆ ತುಂಬಾ ಸಲಿಗೆ ಆಯ್ತು. ಈಗ ಮನೇಲಿ ಅವಳ ಜೊತೆ ಫೋನಲ್ಲಿ ಮಾತಾಡ್ಬೇಡ, ಅಲ್ಲಿಂದು ಅಲ್ಲೇ ಮರೆತುಬಿಡು ಅಂತಾರೆ. ಏನು ಮಾಡ್ಲಿ? (ದಾವಣಗೆರೆ)

ಉತ್ತರ: ಮಾತಾಡು ಪುಟ್ಟಿ. ನನಗೆ ಮಾತ್ರೆ ಹೆಸರು ಹೇಳಿಕೊಟ್ಟಿದ್ದು, ಡಾಕ್ಟರ್ ಬಂದಾಗ ಏನು ಕೇಳಬೇಕು ಅಂತ ಕೈಮೇಲೆ ಪೆನ್ನಲ್ಲಿ ಬರೆದುಕೊಟ್ಟಿದ್ದು, ಜಡೆ ಹಾಕಿದ್ದು, ಎಲ್ಲಾ ನನ್ನ ಪಕ್ಕದ ಬೆಡ್ಡಿನವಳೇ. ಇಬ್ಬರಲ್ಲಿ ಒಬ್ಬರಿಗೆ ನಿದ್ದೆ ಕಮ್ಮಿ ಆಗ್ತಿದೆ, ಮಾತು ಜೋರಾಗ್ತಿದೆ ಅಂದ್ರೆ ಇನ್ನೊಬ್ಬರಿಗೆ ಮನೆಯವರಿಗಿಂತ ಮುಂಚೆ ಗೊತ್ತಾಗುತ್ತೆ. ಅವಳಿಗೆ ಹುಷಾರಿಲ್ಲದಾಗ ಅವಳ ಭಾರ ಎಲ್ಲಾ ನೀನೇ ಹೊರಬೇಕಾಗಿಲ್ಲ, ಅವಳ ಮನೆಯವರ ನಂಬರ್ ಒಂದು ಇಟ್ಕೊಂಡಿರು. ಮನೇಲಿ ಒಪ್ಪಲ್ಲ ಅಂದ್ರೆ ಅವಳನ್ನ ಒಂದ್ಸಲ ಮನೆಗೆ ಊಟಕ್ಕೆ ಕರಿ, ನೋಡ್ಲಿ. ನನ್ನ ಗೆಳತಿ ಮೊದಲ್ನೇ ಸಲ ನಮ್ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ಲು, ಒಳಗೆ ಕರೀಲೋ ಬೇಡ್ವೋ ಅಂತ. ಈಗ ಪ್ರತಿ ತಿಂಗಳು ನಮ್ಮಿಬ್ಬರದೂ ಫಾಲೋಅಪ್ ಒಂದೇ ದಿನಕ್ಕೆ ಹಾಕಿಸ್ಕೊಂಡಿದೀವಿ, ಮುಗಿಸ್ಕೊಂಡು ಮಂಡಕ್ಕಿ ಮಿರ್ಚಿ ತಿಂದು ಮನೆಗೆ ಬರ್ತೀವಿ, ತಡ ಆದ್ರೆ ಅವ್ವ ಅವಳಿಗೇ ಫೋನ್ ಮಾಡ್ತಾಳೆ.